ಗ್ಲಾಸು ಏರದ ಹಳೆಯ ಕಾರುಗಳ ಮನೆಯವರಿಗೆ



ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯಲ್ಲಿ ಅಂಗಳದ ಬೇವಿನ ಮರದ ಕೆಳಗೋ, ಅಡತಿ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲೋ ಒಂದು ಅಂಬಾಸಿಡರ್ ಅಥವಾ ಪದ್ಮಿನಿ ಕಾರನ್ನು ಇನ್ನೂ ಉಳಿಸಿಕೊಂಡಿರುವ ಮನೆಯವರೆಲ್ಲರಿಗೆ ಹಲಗೇರಿಯಿಂದ ಒಂದು ಪತ್ರ.

ಈ ಪತ್ರ ಎಂಜಿನ್ನಿನ ಬಗ್ಗೆ ಅಲ್ಲ, ಬಣ್ಣದ ಬಗ್ಗೆಯೂ ಅಲ್ಲ. ಕಿಟಕಿಯ ಗ್ಲಾಸು ಏರಿಸಿ ಇಳಿಸಲು ನೀವು ತಿರುಗಿಸುವ ಹ್ಯಾಂಡಲ್ ಇದೆಯಲ್ಲ, ಅದರ ಹಿಂದೆ ಬಾಗಿಲಿನ ಹೊಟ್ಟೆಯೊಳಗೆ ಕೂತಿರುವ ಸಾಮಾನಿನ ಬಗ್ಗೆ. ಗ್ಯಾರೇಜಿನ ಮಂದಿ ಅದನ್ನು ಗ್ಲಾಸ್ ಮಷಿನ್ ಅನ್ನುತ್ತೇವೆ.

ನಾನು ಹಲಗೇರಿಯವನು. ರಾಣೇಬೆನ್ನೂರಿನ ಒಂದು ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಹುಡುಗನಾಗಿ ಸೇರಿ, ಅಲ್ಲಿಯೇ ಕೆಲಸ ಕಲಿತು, ಮುಂದೆ ಬಾಗಿಲು, ಬೀಗ, ಗ್ಲಾಸಿನ ಕೆಲಸಕ್ಕೇ ಹೆಚ್ಚು ಕೈ ಹಾಕಿದವನು. ಎಂಜಿನ್ ಬಿಚ್ಚುವ ಮಿಸ್ತ್ರಿಗೆ ಸಿಗುವ ಮರ್ಯಾದೆ ಈ ಕೆಲಸಕ್ಕೆ ಯಾವತ್ತೂ ಸಿಕ್ಕಿಲ್ಲ. ಆದರೆ ಇಷ್ಟು ವರ್ಷ ಕಂಡದ್ದರ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಕಡೆ ಹಳೆಯ ಕಾರು ಗುಜರಿಗೆ ಹೋಗುವ ದಾರಿ ಬಹಳ ಸಲ ಶುರುವಾಗುವುದು ಮುಚ್ಚದ ಒಂದು ಕಿಟಕಿಯಿಂದ.

ಅದು ಹೇಗೆ ಆಗುತ್ತದೆ ಎನ್ನುವುದು ನಿಮಗೂ ಗೊತ್ತಿದೆ. ಒಂದು ದಿನ ಹ್ಯಾಂಡಲ್ ಬಿಗಿಯಾಗುತ್ತದೆ. ಜೋರು ಮಾಡಿ ತಿರುಗಿಸುತ್ತೀರಿ. ಇನ್ನೊಂದು ದಿನ ಒಳಗೆ ಕಟ್ ಅಂದು ಹ್ಯಾಂಡಲ್ ಸುಮ್ಮನೆ ತಿರುಗತೊಡಗುತ್ತದೆ, ಗ್ಲಾಸು ಅರ್ಧದಲ್ಲಿ ನಿಂತುಬಿಡುತ್ತದೆ. ಮನೆಯವರು ಒಂದು ಕಟ್ಟಿಗೆಯ ಚೂರು ಸಿಕ್ಕಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರೆ. ಮೃಗಶಿರಾ ಮಳೆಗೆ ಆ ಹಾಳೆ ಹರಿಯುತ್ತದೆ. ನೀರು ಸೀಟಿನ ಸ್ಪಂಜಿಗೆ ಇಳಿದು, ಅಲ್ಲಿಂದ ಕಾಲ ಕೆಳಗಿನ ತಗಡಿಗೆ ಹೋಗಿ ನಿಲ್ಲುತ್ತದೆ. ಇಲಿ ಗೂಡು ಮಾಡುತ್ತದೆ, ವೈರು ಕಡಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಳ ತೂತಾಗಿರುತ್ತದೆ. ಆಗ ಗುಜರಿಯವನು ತಕ್ಕಡಿ ಲೆಕ್ಕ ಹೇಳಿಕೊಂಡು ಬಾಗಿಲಿಗೆ ಬರುತ್ತಾನೆ. ಎಂಜಿನ್ ಆ ಹೊತ್ತಿಗೂ ಗಟ್ಟಿಯಾಗಿಯೇ ಇರುತ್ತದೆ, ಅದೇ ಸಂಕಟ.

ನಮ್ಮ ಸೀಮೆಯಲ್ಲಿ ಕಿಟಕಿ ಮುಚ್ಚುವುದು ಮಳೆಗಷ್ಟೇ ಬೇಕಾದದ್ದಲ್ಲ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ಹತ್ತಿರ ಗ್ಲಾಸು ಇಳಿಸಿಕೊಂಡು ಹೋದವರಿಗೆ ಅದನ್ನು ವಿವರಿಸಬೇಕಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬಂದ ಮೆಣಸಿನಕಾಯಿ ಚೀಲಗಳನ್ನು ಸುರಿದು ರಾಶಿ ಮಾಡುವ ಹೊತ್ತಿಗೆ ಘಾಟು ಏಳುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು, ಅಜ್ಜಿಯರು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆ ಊರಿನ ವ್ಯಾಪಾರ ಬೆಳೆದ ಕಾಲದಲ್ಲಿ ಸಾವಕಾರರನ್ನು ಹುಬ್ಬಳ್ಳಿಗೆ, ದಾವಣಗೆರೆಗೆ ಹೊತ್ತು ತಿರುಗಿದ್ದು ಇವೇ ಅಂಬಾಸಿಡರ್‌ಗಳು. ಅವುಗಳ ಬಾಗಿಲಿನೊಳಗೆ ಆ ವ್ಯಾಪಾರದ ಧೂಳು ಇನ್ನೂ ಇದೆ. ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಬ್ಯಾಡಗಿಯ ಹಿರಿಯರೊಬ್ಬರು ತಮ್ಮ ಅಂಬಾಸಿಡರ್ ತಂದಿದ್ದರು. ಎಡಗಡೆಯ ಹಿಂದಿನ ಗ್ಲಾಸು ಮುಕ್ಕಾಲು ಇಳಿದು ನಿಂತಿತ್ತು. ಮಷಿನ್ ಕೆಟ್ಟಿದೆ, ನಾಲ್ಕೂ ಬಾಗಿಲಿಗೆ ಪವರ್ ವಿಂಡೋ ಕೂಡಿಸಿಬಿಡಿ ಎಂದು ಬೇರೊಂದು ಕಡೆ ಹೇಳಿ ಕಳಿಸಿದ್ದರಂತೆ. ಮಗ ದುಡ್ಡು ಕೊಡಲು ತಯಾರಿದ್ದ. ನಾನು ಡೋರ್ ಪ್ಯಾಡ್ ಬಿಚ್ಚಿದೆ. ಮಷಿನ್ ತೋಳಿನ ತುದಿಯ ರೋಲರನ್ನು ಗ್ಲಾಸಿನ ಕೆಳಗಿನ ಪಟ್ಟಿಯಿಂದ ಹೊರಗೆ ತೆಗೆದು ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಷಿನ್ ಸಲೀಸಾಗಿ ಏರಿ ಇಳಿಯಿತು. ಆಮೇಲೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಮೇಲೆ ಎತ್ತಲು ನೋಡಿದೆ. ಅಲುಗಲಿಲ್ಲ. ರೋಗ ಇದ್ದದ್ದು ಮಷಿನ್ನಿನಲ್ಲಿ ಅಲ್ಲ, ಗ್ಲಾಸು ಓಡಾಡುವ ಚಾನಲ್ಲಿನಲ್ಲಿ. ಒಳಗಿನ ಫೆಲ್ಟು ಒಣಗಿ ಗಟ್ಟಿಯಾಗಿ, ಅದರ ಮೇಲೆ ಕೆಂಪು ಧೂಳು ಹೆಪ್ಪುಗಟ್ಟಿತ್ತು. ಬ್ಯಾಟರಿ ಹಚ್ಚಿ ಬಾಗಿಲಿನ ತಳ ನೋಡಿದರೆ ಎರೆಮಣ್ಣು ಮತ್ತು ಒಂದು ಹಿಡಿಯಷ್ಟು ಮೆಣಸಿನಕಾಯಿ ಬೀಜ. ನೀರು ಹೊರಗೆ ಹೋಗಲು ಕಂಪನಿಯವರು ಕೊಟ್ಟ ಸಣ್ಣ ತೂತುಗಳೆಲ್ಲ ಅದರಿಂದ ಮುಚ್ಚಿಹೋಗಿದ್ದವು.

“ಸಾವಕಾರ್ರ, ಹೊಸಾ ಮಷಿನ್ ಬ್ಯಾಡ್ರೀ, ಮೋಟರೂ ಬ್ಯಾಡ್ರೀ. ಇದಕ್ಕ ಫೆಲ್ಟ್ ಬೇಕ್ರೀ, ಅಷ್ಟ” ಅಂದೆ.

“ಅಷ್ಟ ಏನ?” ಅಂದರು ಅವರು. ಆ ಮುಖದ ಮೇಲಿನ ಸಮಾಧಾನವೇ ಈ ಪತ್ರ ಬರೆಸುತ್ತಿರುವುದು.

ಮೋಟರು ಕೂಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ. ಒಣಗಿದ ಚಾನಲ್ಲಿನಲ್ಲಿ ಮನುಷ್ಯನ ಕೈಗೆ ಏರದ ಗ್ಲಾಸು ಮೋಟರಿಗೂ ಏರುವುದಿಲ್ಲ. ಅದು ಮುಕ್ಕಿ ಮುಕ್ಕಿ ಸುಡುತ್ತದೆ. ವೈರು ಎಳೆಯಲು ಬಾಗಿಲಿಗೂ ಕಂಬಕ್ಕೂ ಹೊಸ ತೂತು ಹೊಡೆಯುತ್ತಾರೆ, ಆ ತೂತಿನಿಂದಲೇ ಮುಂದೆ ತುಕ್ಕು ಹುಟ್ಟುತ್ತದೆ. ಹಳೆಯ ಗಾಡಿಗಳಲ್ಲಿ ಇನ್ನೂ ಡೈನಮೋ ಇರುವಂಥವು ಇವೆ, ಅವುಗಳ ಬ್ಯಾಟರಿಗೆ ಹೆಡ್‌ಲೈಟಿನ ಹೊರೆಯೇ ಸಾಕು. ಬ್ಯಾಟರಿ ಇಳಿದುಹೋದ ಹಳೆಯ ಗಾಡಿಯಲ್ಲೂ ಕೈಯಿಂದ ತಿರುಗಿಸುವ ಗ್ಲಾಸು ಏರುತ್ತದೆ, ಇಳಿಯುತ್ತದೆ. ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುವ ಕಾರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಎಂದು ನಾನು ನಂಬುತ್ತೇನೆ.

ಮಷಿನ್ ಒಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ನಿಮ್ಮನ್ನು ಯಾರೂ ಸುಮ್ಮಸುಮ್ಮನೆ ಹೆದರಿಸಲಾರರು. ಹ್ಯಾಂಡಲ್ಲಿನ ಶಾಫ್ಟಿಗೆ ಒಂದು ಸಣ್ಣ ಗೇರು. ಅದು ಕಚ್ಚಿಕೊಳ್ಳುವುದು ಒಂದು ದೊಡ್ಡ ತಗಡಿಗೆ. ಜೋಳದ ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ಎತ್ತಿಕೊಂಡರೆ ಇರುವ ಆಕಾರ, ದುಂಡನೆಯ ಅಂಚಿಗೆ ಹಲ್ಲುಗಳು. ಅದಕ್ಕೆ ರಿವೆಟ್ ಹೊಡೆದ ಉದ್ದನೆಯ ತೋಳು. ತೋಳಿನ ತುದಿಗೆ ರೋಲರು. ಗ್ಲಾಸಿನ ತಳಕ್ಕೆ ಒಂದು ಕಬ್ಬಿಣದ ಪಟ್ಟಿ, ನಡುವೆ ರಬ್ಬರಿನ ಪ್ಯಾಕಿಂಗು. ರೋಲರು ಈ ಪಟ್ಟಿಯ ತೋಡಿನಲ್ಲಿ ಜಾರುತ್ತ ಗ್ಲಾಸನ್ನು ಎತ್ತುತ್ತದೆ. ಸಣ್ಣ ಗೇರು ದೊಡ್ಡದನ್ನು ತಿರುಗಿಸುವುದರಿಂದಲೇ ನಾಲ್ಕಾರು ಸುತ್ತು ಬೇಕಾಗುತ್ತದೆ, ಆದರೆ ಭಾರ ಗೊತ್ತಾಗುವುದಿಲ್ಲ. ಗ್ಲಾಸಿನ ತೂಕಕ್ಕೆ ಎದುರಾಗಿ ನಿಲ್ಲಲು ಸುರುಳಿ ಸ್ಪ್ರಿಂಗು ಒಂದು. ಇದರ ಜೊತೆಗೆ ಶಾಫ್ಟಿನ ಬುಡದ ಡಬ್ಬಿಯಲ್ಲಿ ಇನ್ನೊಂದು ಬಿಗಿ ಸ್ಪ್ರಿಂಗು. ಹ್ಯಾಂಡಲ್ ತಿರುಗಿಸಿದರೆ ಅದು ಸಡಿಲಾಗಿ ದಾರಿ ಬಿಡುತ್ತದೆ. ಗ್ಲಾಸು ತನ್ನ ಭಾರಕ್ಕೆ ತಾನೇ ಇಳಿಯಲು ಹೊರಟರೆ ಅಗಲವಾಗಿ ಡಬ್ಬಿಯ ಗೋಡೆಗೆ ಒತ್ತಿ ಹಿಡಿದುಬಿಡುತ್ತದೆ. ತಗ್ಗುದಿಣ್ಣೆಯ ರಸ್ತೆಯಲ್ಲಿ ಎಷ್ಟು ಅಲುಗಾಡಿದರೂ ಗ್ಲಾಸು ಬಿಟ್ಟ ಜಾಗದಲ್ಲೇ ನಿಲ್ಲುವುದು ಈ ಪುಟ್ಟ ಉಪಾಯದಿಂದ. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರ ತಲೆಗೆ ನಾನು ಕೈ ಮುಗಿಯುತ್ತೇನೆ.

ಇಷ್ಟೇ ಸಾಮಾನು. ಕೆಡುವುದು ಕೂಡ ಇವುಗಳಲ್ಲೇ ಒಂದು. ಫೆಲ್ಟು ಒಣಗುವುದೇ ಮೊದಲನೆಯ ಕಾರಣ, ಉಳಿದವು ಅದರ ಬೆನ್ನಿಗೆ ಬರುತ್ತವೆ. ಬಿಗಿಯಾದ ಗ್ಲಾಸನ್ನು ಜೋರಿನಿಂದ ತಿರುಗಿಸಿದರೆ ಮೆತ್ತನೆಯ ಲೋಹದ ಹ್ಯಾಂಡಲ್ ಒಳಗಿನ ಹಲ್ಲು ಸವೆಯುತ್ತದೆ, ಶಾಫ್ಟು ಉಳಿದುಕೊಳ್ಳುತ್ತದೆ. ಹೀಗಾಗಿಯೇ ಎಷ್ಟೋ ಕಾರುಗಳಲ್ಲಿ ಹ್ಯಾಂಡಲ್ ಹೋಗಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಪಕ್ಕಡ್ ಬಿದ್ದಿರುತ್ತದೆ. ಪಕ್ಕಡಿನಲ್ಲಿ ತಿರುಗಿಸಿ ತಿರುಗಿಸಿ ಕೊನೆಗೆ ಶಾಫ್ಟನ್ನೂ ಹಾಳು ಮಾಡುತ್ತೇವೆ. ದಯಮಾಡಿ ಆ ಪಕ್ಕಡನ್ನು ಇವತ್ತೇ ಕಾರಿನಿಂದ ಹೊರಗೆ ತೆಗೆಯಿರಿ. ಎರಡನೆಯದು ರಬ್ಬರು ಕೊಳೆತು ಗ್ಲಾಸು ತನ್ನ ಪಟ್ಟಿಯಿಂದ ಕಳಚಿಕೊಳ್ಳುವುದು. ಹ್ಯಾಂಡಲ್ ತಿರುಗಿದರೂ ಗ್ಲಾಸು ಓರೆಯಾಗಿ ಕೆಳಗೆ ಕೂತಿರುತ್ತದೆ. ಹಲ್ಲು ಮುರಿಯುವುದು, ರಿವೆಟ್ ಸಡಿಲಾಗುವುದು, ಸ್ಪ್ರಿಂಗು ತುಂಡಾಗುವುದು ಇವೆಲ್ಲ ಅಪರೂಪ.

ಅಪರೂಪದ್ದು ಬಂದರೂ ಹಾದಿ ಇದೆ. ಹೋದ ಹಲ್ಲಿನ ಜಾಗಕ್ಕೆ ಹಿತ್ತಾಳೆ ಬೆಸುಗೆ ತುಂಬಿಸಿ, ಮೂರು ಮೂಲೆಯ ಕಾನಸದಲ್ಲಿ ಪಕ್ಕದ ಹಲ್ಲು ನೋಡಿಕೊಂಡು ತಿಕ್ಕಿದರೆ ಹೊಸ ಹಲ್ಲು ಬರುತ್ತದೆ. ಸವೆದ ರೋಲರನ್ನು ನೈಲಾನ್ ಸರಳಿನಿಂದ ಲೇತಿನವರು ಮಾಡಿಕೊಡುತ್ತಾರೆ. ಟ್ರ್ಯಾಕ್ಟರಿನ ಸಾಮಾನನ್ನೇ ತಿದ್ದಿ ಕೊಡುವ ಕೈಗಳಿರುವ ಊರು ರಾಣೇಬೆನ್ನೂರು, ಅಲ್ಲಿ ಇದು ದೊಡ್ಡ ಕೆಲಸವಲ್ಲ. ನೀವೇ ಬಿಚ್ಚುವುದಾದರೆ ಒಂದು ಎಚ್ಚರಿಕೆ ಮಾತ್ರ ಕೊಡಲೇಬೇಕು. ಸುರುಳಿ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಹಲ್ಲಿನ ತಗಡನ್ನು ಬೋಲ್ಟಿನಿಂದಲೋ ಕ್ಲಾಂಪಿನಿಂದಲೋ ಕಟ್ಟಿಹಾಕದೆ ಸಣ್ಣ ಗೇರನ್ನು ಸರಿಸಿದರೆ ತೋಳು ಸಿಡಿದು ಬೆರಳು ಕತ್ತರಿಸುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಶಾಫ್ಟಿನ ಬುಡದ ಬಿಗಿ ಸ್ಪ್ರಿಂಗಿನ ಡಬ್ಬಿಯನ್ನಂತೂ ತೆರೆಯಲು ಹೋಗಬೇಡಿ. ಗ್ಲಾಸನ್ನು ಮೇಲೆ ನಿಲ್ಲಿಸಿ ಕಟ್ಟಿಗೆಯ ಆಪು ಕೊಟ್ಟ ಮೇಲೆಯೇ ಮಷಿನ್ನಿಗೆ ಕೈ ಹಾಕಿ.

ತೆಗೆದ ಮಷಿನ್ನನ್ನು ಮೊದಲೆಲ್ಲ ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಿದ್ದೆವು, ಈಗ ಡೀಸೆಲ್ಲೇ ಗತಿ. ವೈರ್ ಬ್ರಷ್ಷಿನಲ್ಲಿ ತಿಕ್ಕಿ, ಹಳೆಯ ಗ್ರೀಸಿನ ಕರಿ ಗಟ್ಟಿಯನ್ನು ಪೂರ್ತಿ ತೆಗೆದು, ಹಲ್ಲಿಗೂ ರೋಲರಿಗೂ ಹೊಸ ಗ್ರೀಸು ಹಚ್ಚಬೇಕು. ಫೆಲ್ಟಿಗೆ ಗ್ರೀಸು, ಎಂಜಿನ್ ಆಯಿಲ್ ಯಾವುದೂ ಮುಟ್ಟಬಾರದು. ಧೂಳು ಅಂಟಿಕೊಂಡು ಆರು ತಿಂಗಳಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ, ರಬ್ಬರು ಉಬ್ಬಿ ಕೊಳೆಯುತ್ತದೆ. ಅದಕ್ಕೆ ಸಿಲಿಕಾನ್ ಸ್ಪ್ರೇ ಸಾಕು. ತಿರುಗಿ ಕೂಡಿಸುವಾಗ ಮಷಿನ್ನಿನ ಸ್ಕ್ರೂಗಳನ್ನು ಒಮ್ಮೆಲೇ ಬಿಗಿಯಬಾರದು. ಅರ್ಧ ಬಿಗಿದು, ಗ್ಲಾಸನ್ನು ಪೂರ್ತಿ ಏರಿಸಿ ಪೂರ್ತಿ ಇಳಿಸಿ, ಅದು ತನ್ನ ದಾರಿಗೆ ತಾನು ಕೂತ ಮೇಲೆ ಕೊನೆಯ ಬಿಗಿ. ಈ ಒಂದು ತಾಳ್ಮೆ ಇಲ್ಲದ್ದರಿಂದ ಕೆಟ್ಟ ಕೆಲಸಗಳನ್ನು ನಾನು ಬಹಳ ನೋಡಿದ್ದೇನೆ. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಅಂಟಿಸಿ. ಅದಿಲ್ಲದಿದ್ದರೆ ಮಳೆನೀರು ಪ್ಯಾಡಿಗೆ ಇಳಿದು ಅದರ ರಟ್ಟು ಉಬ್ಬುತ್ತದೆ. ತಳದ ತೂತುಗಳಿಗೆ ಒಂದು ತಂತಿ ಆಡಿಸಿ ನೀರು ಸುರಿದು ನೋಡಿ.

ಗ್ಲಾಸೇ ಒಡೆದಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಫೋಟೋ ಫ್ರೇಮಿನ ಅಂಗಡಿಯಿಂದ ಮನೆಕಿಟಕಿಯ ಗ್ಲಾಸು ಕತ್ತರಿಸಿ ಹಾಕಿಸಬೇಡಿ. ಕಾರಿನ ಪಕ್ಕದ ಗ್ಲಾಸು ಹದಗೊಳಿಸಿದ ಗ್ಲಾಸು, ಒಡೆದರೆ ಕಾಳುಕಾಳಾಗಿ ಉದುರುತ್ತದೆ. ಸಾದಾ ಗ್ಲಾಸು ಚೂರಿಯಂಥ ಹೋಳಾಗಿ ಒಡೆಯುತ್ತದೆ, ಆ ಹೋಳಿನ ಪಕ್ಕದಲ್ಲೇ ನಿಮ್ಮ ಮೊಮ್ಮಗ ಕೂತಿರುತ್ತಾನೆ. ವಾಹನದ ಗ್ಲಾಸು ಸುರಕ್ಷಾ ಗ್ಲಾಸೇ ಆಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ.

ಈಗ ಅವಸರ ಯಾಕೆ ಎಂದು ಕೇಳಬಹುದು. ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಾಗುವುದು 2014ರ ಮೇ ತಿಂಗಳಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲು ನಿಂತಿತ್ತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 20 ವರ್ಷದ ಅವಧಿ ಮುಗಿಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಸಾವಿರಾರು ಟ್ಯಾಕ್ಸಿ ಓಡುತ್ತಿದ್ದಾಗ ಆ ಸಾಮಾನಿಗೆ ಅಂಗಡಿ ಇತ್ತು, ಈಗ ಅಂಗಡಿಕಾರ ಯಾರಿಗಾಗಿ ತರಿಸಿ ಇಡಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ದಾಸ್ತಾನು ಸಿಕ್ಕೀತು. ಎಡಬಲ ನೋಡಿ ತನ್ನಿ. ಎಡ ಬಾಗಿಲಿನ ಮಷಿನ್ ಬಲಕ್ಕೆ ಬರುವುದಿಲ್ಲ. ಸಿಗುವ ಹೊಸ ನಕಲು ಮಷಿನ್ನುಗಳ ತಗಡು ತೆಳುವು. ನಿಮ್ಮ ಬಾಗಿಲಲ್ಲಿ ತುಕ್ಕು ಹಿಡಿದು ಕೂತಿರುವ ಹಳೆಯದೇ ಅವಕ್ಕಿಂತ ಗಟ್ಟಿ ಎನ್ನುವುದು ನನ್ನ ತೀರ್ಮಾನ. ಆದ್ದರಿಂದ ಬಿಚ್ಚಿದ್ದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕೆಟ್ಟ ಮಷಿನ್, ಸವೆದ ಹ್ಯಾಂಡಲ್, ಅದರ ಹಿಂದಿನ ಬಿಲ್ಲೆ, ಸಣ್ಣ ಪಿನ್ನು ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಮನೆಗೆ ಒಯ್ಯಿರಿ. ಇನ್ನೊಬ್ಬರ ಗಾಡಿಗೆ ಅದರಲ್ಲಿನ ಒಂದು ಸ್ಪ್ರಿಂಗು ಜೀವ ಕೊಡಬಹುದು.

50 ವರ್ಷ ದಾಟಿದ ಗಾಡಿ ಇರುವವರಿಗೆ ಇನ್ನೊಂದು ವಿಷಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಅಂಥ ಗಾಡಿಗೆ ವಿ.ಎ. ಅಕ್ಷರಗಳಿರುವ ನಂಬರು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲಿನ ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಚಾಸಿ, ಬಾಡಿ, ಎಂಜಿನ್ ಬದಲಾಯಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡಿರಬೇಕು ಎಂಬುದು ಅದರ ತಿರುಳು. ಮಳೆನೀರಿಗೆ ಬಾಡಿಯೇ ತಿಂದುಹೋದ ಮೇಲೆ ಯಾವ ನಿಯಮವೂ ಉಪಯೋಗಕ್ಕೆ ಬಾರದು.

ಕೊನೆಗೆ ಕೆಲಸಗಾರರ ಮಾತು. ಈ ಕೆಲಸದಲ್ಲಿ ಸಾಮಾನಿನ ಖರ್ಚು ಕಡಿಮೆ, ಹೊತ್ತಿನ ಖರ್ಚು ಹೆಚ್ಚು. ಒಂದು ಬಾಗಿಲಿಗೆ ಅರ್ಧ ದಿನ ಹಿಡಿಯುತ್ತದೆ. ಕೈ ಹೋಗದ ತೂತಿನಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ರೋಲರನ್ನು ಬೆರಳಿನ ಗುರುತಿನಲ್ಲಿ ಕೂಡಿಸಬೇಕು. ತಗಡಿನ ಅಂಚು ಮುಂಗೈ ಗೀರುತ್ತದೆ. ಅದನ್ನು ನೋಡಿಯೂ “ಬರೀ ಗ್ರೀಸ್ ಹಚ್ಚಿದ್ದಕ್ಕ ಇಷ್ಟ್ಯಾಕ?” ಎಂದು ಚೌಕಾಸಿ ಮಾಡಿದರೆ, ಮಿಸ್ತ್ರಿ ಮುಂದಿನ ಗಿರಾಕಿಗೆ ಹೊಸ ಮಷಿನ್ನನ್ನೇ ಹೇಳುತ್ತಾನೆ. ತಪ್ಪು ಅವನೊಬ್ಬನದೇ ಅಲ್ಲ. ರಿಪೇರಿಯ ಕೂಲಿಯನ್ನು ಹೊಸ ಸಾಮಾನಿನ ಬಿಲ್ಲಿನಷ್ಟೇ ಗೌರವದಿಂದ ಕೊಡಿ.

ನಿಮ್ಮ ಮನೆಯ ಹುಡುಗ ಹುಡುಗಿಯರನ್ನು ಆ ಅರ್ಧ ದಿನ ಗ್ಯಾರೇಜಿಗೆ ಕರೆತನ್ನಿ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಲಿ, ಯಾವ ಸ್ಕ್ರೂ ಎಲ್ಲಿಯದು ಎಂದು ಬರೆದುಕೊಳ್ಳಲಿ, ಬೇಸರವಾಗುವವರೆಗೂ ಪ್ರಶ್ನೆ ಕೇಳಲಿ. ನಾವು ಯಾರೂ ಬೇಡ ಅನ್ನುವುದಿಲ್ಲ. ಕಾರಿಗಷ್ಟೇ ಸೀಮಿತವಾದ ವಿದ್ಯೆ ಇದಲ್ಲ. ಮೆಣಸಿನಕಾಯಿ, ಈರುಳ್ಳಿ, ಬೀಜದ ಚೀಲ ಹೊರುವ ಹಳೆಯ ಲಾರಿ, ಸಣ್ಣ ಟೆಂಪೋಗಳ ಬಾಗಿಲಲ್ಲೂ ಇದೇ ಹ್ಯಾಂಡಲ್ ಇದೆ. ಕಲಿತವರಿಗೆ ನಮ್ಮ ಸೀಮೆಯಲ್ಲೇ ಅನ್ನ ಇದೆ.

ಮಹಾನವಮಿಗೆ ನೀವೆಲ್ಲ ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೀರಿ. ಈ ವರ್ಷ ಅದಕ್ಕೆ ಮೊದಲು ನಾಲ್ಕೂ ಬಾಗಿಲ ಗ್ಲಾಸುಗಳು ಒಂದೇ ಕೈಯಲ್ಲಿ ಏರಿ ಇಳಿಯುವಂತೆ ಮಾಡಿಸಿ. ಹೊಸ ಮಷಿನ್ ಬೇಕು ಎಂದು ಯಾರಾದರೂ ಹೇಳಿದರೆ, ರೋಲರು ಬಿಡಿಸಿ ಗ್ಲಾಸನ್ನು ಕೈಯಿಂದ ಎತ್ತಿ ತೋರಿಸಲು ಕೇಳಿ. ಅದನ್ನು ನೋಡಿದ ಮೇಲೆಯೇ ದುಡ್ಡು ಬಿಚ್ಚಿ.

ಇಂತಿ ನಿಮ್ಮ ವಿಶ್ವಾಸಿ,
ಹಲಗೇರಿಯ ಒಬ್ಬ ಗ್ಯಾರೇಜ್ ಕೆಲಸಗಾರ
ರಾಣೇಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ